ಹೇಳಲು ಮರೆತ ಹೇಳಿಕೆ

ಇವತ್ತು ಬೆಳಿಗ್ಗೆ ನನ್ನ ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ಕಿತು. ದೋಸೆ ಹಿಟ್ಟಿನ ಪಾತ್ರೆಯ ಪಕ್ಕ, ಕರಿಬೇವಿನ ಕಟ್ಟಿನ ಮೇಲೆ, ಕಾಲು ಮಡಚಿಕೊಂಡು ತಣ್ಣಗೆ ಮಲಗಿತ್ತು. ನಿನ್ನೆ ಸಂಜೆಯಿಂದ ಮನೆಮಂದಿಯೆಲ್ಲ ಮಂಚದ ಕೆಳಗೆ, ಹೊಲಿಗೆ ಮಿಷನ್ನಿನ ಡ್ರಾವರಿನಲ್ಲಿ, ಕೊನೆಗೆ ಸಂಶಯ ಬಂದು ನನ್ನ ತಲೆಯ ಮೇಲೂ ಹುಡುಕಿ ಸುಸ್ತಾಗಿದ್ದರು. ಸಿಕ್ಕಿದ್ದನ್ನು ಯಾರಿಗೂ ಹೇಳದೆ ಮೆಲ್ಲಗೆ ಹಾಕಿಕೊಂಡುಬಿಡೋಣ ಎಂದುಕೊಂಡೆ. ಆದರೆ ಆ ತಣ್ಣಗಿನ ಗಾಜಿಗೆ ಇಡ್ಲಿ ಪಾತ್ರೆಯ ಹಬೆ ಕೂತು, ಎದುರಿಗೆ ನಿಂತಿದ್ದ ನಮ್ಮವರೇ ಕಾಣದಂತಾದರು.

"ಫ್ರಿಜ್ಜಿನೊಳ್ಗ್ ಇತ್ತಾ?" ಎಂದರು ಅವರು, ಗಾಜಿನ ಮಂಜು ನೋಡಿಯೇ.

"ಎಲ್ಲೋ ಒಂದ್ ಕಡೆ ಇತ್ತ್. ಸಿಕ್ಕಿತಲ್ದಾ?" ಎಂದೆ.

"ನಾಳಿಗ್ ನನ್ನನ್ನೂ ಅಲ್ಲೇ ಇಟ್ಟ್ ಮರೀಬೇಡ ಮಾರಾಯ್ತಿ. ಮೀನಿನ್ ಯಾಪಾರದವ, ಐಸಿನ್ ಅಭ್ಯಾಸ ಇತ್ತ್. ಇಟ್ರೂ ಒಂದ್ ಮಾತ್ ಹೇಳಿ ಇಡ್."

ನಮ್ಮ ತಲ್ಲೂರಿನ ಮನೆಯಲ್ಲಿ ಇಂಥ ಬೆಳಗು ಹೊಸತಲ್ಲ. ನನ್ನ ತಲೆಯೇ ಹಾಗೆ. ಚಿಕ್ಕವಳಿದ್ದಾಗ ಅಮ್ಮ ತೆಂಗಿನೆಣ್ಣೆ ತರಲು ಅಂಗಡಿಗೆ ಕಳಿಸಿದರೆ ನಾನು ಹಿಂದಿರುಗುವಾಗ ಯಾರ ಮನೆಯ ಹಸು ಕರು ಹಾಕಿತು, ಕರುವಿನ ಹಣೆಯ ಬೊಟ್ಟು ಎಷ್ಟು ಅಗಲ, ಅದಕ್ಕೆ ಇಡಬಹುದಾದ ಹೆಸರುಗಳು ಯಾವುವು, ಎಲ್ಲವನ್ನೂ ತರುತ್ತಿದ್ದೆ. ಎಣ್ಣೆಯ ಕುಪ್ಪಿ ಮಾತ್ರ ಹಸುವಿನ ಕೊಟ್ಟಿಗೆಯಲ್ಲೇ ಉಳಿಯುತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು "ನಿನ್ನ ಗಮನ ಎಲ್ಲಿಗೆ ಹೋಗಿದೆ?" ಎಂದು ಗದರಿದಾಗ ನಾನು ನಿಜವಾಗಿಯೂ ಕಿಟಕಿಯ ಹೊರಗೆ ನೋಡುತ್ತಿದ್ದೆ. ಅದು ಹೋಗಿದ್ದು ಆ ಕಡೆಗೇ ತಾನೇ? ಆ ಪ್ರಾಮಾಣಿಕತೆಗೆ ಸಿಕ್ಕಿದ ಬಹುಮಾನವನ್ನು ನನ್ನ ಅಂಗೈ ಇನ್ನೂ ಮರೆತಿಲ್ಲ.

ಈಗ ನಾನು ಹೆಂಗಸರ ರವಿಕೆ ಹೊಲಿಯುತ್ತೇನೆ. ಕೊರಳಿನ ಕಸೂತಿಗೆ ಕೂತೆನೆಂದರೆ ಊಟ, ನಿದ್ರೆ, ಒಲೆಯ ಮೇಲಿನ ಹಾಲು ಯಾವುದೂ ನನಗೆ ಸಂಬಂಧಿಸಿದ್ದಲ್ಲ. ಹಾಲು ಉಕ್ಕಿ, ಒಲೆ ಆರಿ, ಪಕ್ಕದ ಮನೆಯವರು ವಾಸನೆ ಹಿಡಿದು ಬಂದು ಬಾಗಿಲು ಬಡಿದಿದ್ದೂ ಉಂಟು. ಕಸೂತಿ ನೋಡಿದವರು ಹೊಗಳುತ್ತಾರೆ. ಹೇಳಿದ ದಿನಕ್ಕೆ ರವಿಕೆ ಸಿಗದಿದ್ದಕ್ಕೆ ಬೈಯುವವರೂ ಅವರೇ. ನಾನು ಹೊಗಳಿಕೆಯನ್ನು ನೆನಪಿಟ್ಟುಕೊಂಡು ಬೈಗುಳವನ್ನು ಮರೆಯುತ್ತೇನೆ. ಮರೆಯುವ ತಲೆಯಿಂದ ಇಷ್ಟಾದರೂ ಲಾಭ ಬೇಡವೇ?

ಈ ತಲೆಗೂ ಒಂದು ಹೆಸರಿದೆ ಎಂದು ಗೊತ್ತಾಗಿದ್ದು ನನ್ನ ತಂಗಿಯ ಮಗಳಿಂದ. ತಂಗಿ ಸುಮತಿಯನ್ನು ಕೊಟ್ಟಿದ್ದು ಶಿರೂರಿಗೆ. ಅವಳ ಮಗಳು ಪ್ರಾಪ್ತಿ ಈಗ ಹೈಸ್ಕೂಲು. ಚಿಕ್ಕಂದಿನಲ್ಲಿ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ಧೈರ್ಯಕ್ಕೆಂದು ನಾನೂ ಹೋಗಿದ್ದೆ. ಸುಮತಿ ಒಂದೊಂದೇ ಪ್ರಶ್ನೆಗೆ ಉತ್ತರ ಹೇಳುತ್ತಿದ್ದರೆ ನಾನು ಎದ್ದು ಗೋಡೆಯ ಚಿತ್ರ ನೋಡಿದೆ, ಕೂತು ಡಾಕ್ಟರ ಮೇಜಿನ ಮೇಲಿದ್ದ ಮೆದುಳಿನ ಗೊಂಬೆಯನ್ನು ಬಿಚ್ಚಿದೆ, ಮತ್ತೆ ಜೋಡಿಸಲು ಹೋಗಿ ಒಂದು ತುಂಡು ಉಳಿಸಿಕೊಂಡೆ. ಡಾಕ್ಟರು ಪ್ರಾಪ್ತಿಯದು ಆಟಿಸಂ ಎಂದು ನಿಧಾನವಾಗಿ ವಿವರಿಸಿದರು. ಆಮೇಲೆ ನನ್ನ ಕೈಯಲ್ಲಿದ್ದ ತುಂಡನ್ನು ನೋಡುತ್ತಾ, "ನೀವು ಚಿಕ್ಕಂದಿನಿಂದಲೂ ಹೀಗೆಯೋ?" ಎಂದು ಕೇಳಿದರು. "ಒಮ್ಮೆ ನೀವೂ ತೋರಿಸಿಕೊಳ್ಳಿ" ಎಂದು ದಿನವನ್ನೂ ಕೊಟ್ಟರು. ಆ ದಿನ ಹೋಗುವುದನ್ನು ನಾನು ಮರೆತೆ. ಮರೆತದ್ದು ಕೇಳಿ ಅವರು ನಕ್ಕು, ಅರ್ಧ ಪರೀಕ್ಷೆ ಅಲ್ಲಿಗೇ ಮುಗಿಯಿತು ಎಂದರಂತೆ. ಉಳಿದರ್ಧ ಆಮೇಲೆ ಹೋದಾಗ ಮುಗಿಯಿತು. ಗಮನ ಒಂದೆಡೆ ನಿಲ್ಲದ ನನ್ನಂಥ ತಲೆಗೆ ಎಡಿಎಚ್‌ಡಿ ಎನ್ನುತ್ತಾರೆ. ಹೀಗೆ ಮನುಷ್ಯರ ಮೆದುಳುಗಳು ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವುದಕ್ಕೆಲ್ಲ ಸೇರಿಸಿ ನ್ಯೂರೋಡೈವರ್ಸಿಟಿ ಎಂಬ ಉದ್ದದ ಹೆಸರೂ ಇದೆ. ಮನೆಗೆ ಬಂದು ಹೇಳಿದರೆ ನಮ್ಮವರು, "ಹೆಸ್ರ್ ಇಟ್ಟ್ ಕೂಡ್ಲೆ ಕನ್ನಡಕ ಸಿಕ್ಕತ್ತಾ?" ಎಂದರು.

ಕನ್ನಡಕ ಸಿಗುವುದಿಲ್ಲ. ಆದರೆ ಬೇರೇನೋ ಸಿಗುತ್ತದೆ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಕುಚ್ಚಲಕ್ಕಿ ಇರುತ್ತದೆ, ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯೂ ಇರುತ್ತದೆ. ಬೆಳ್ತಿಗೆಯ ಲೆಕ್ಕದ ನೀರು ಹಾಕಿ, ಬೆಳ್ತಿಗೆಯಷ್ಟೇ ಹೊತ್ತು ಬೇಯಿಸಿ, ಅನ್ನ ಗಟ್ಟಿ ಉಳಿದರೆ ಯಾರಾದರೂ ಕುಚ್ಚಲಕ್ಕಿಗೆ ಹಟಮಾರಿ ಎಂದು ಬೈದದ್ದನ್ನು ನೀವು ಕಂಡಿದ್ದೀರಾ? ಇನ್ನಷ್ಟು ನೀರು ಹೊಯ್ದು, ಇನ್ನಷ್ಟು ಹೊತ್ತು ಕಾಯುತ್ತೇವೆ. ಅಕ್ಕಿಗೆ ತೋರಿಸುವ ಈ ಮರ್ಯಾದೆಯನ್ನು ಮಕ್ಕಳಿಗೆ ತೋರಿಸಲು ಮಾತ್ರ ನಮಗೆ ಡಾಕ್ಟರು ಬೇಕಾಯಿತು. ಇದನ್ನು ಓದುತ್ತಿರುವ ನಿಮ್ಮ ಕ್ಲಾಸಿನಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಅಥವಾ ನೀವೇ ಆಗಿರಬಹುದು. ಹೆದರಬೇಡಿ, ನಮ್ಮ ಗುಂಪಿನಲ್ಲಿ ಬಹಳ ಜನರಿದ್ದೇವೆ. ಒಟ್ಟಿಗೆ ಸೇರುವ ದಿನವನ್ನು ನಾನು ಮರೆಯುತ್ತೇನೆ, ಅಷ್ಟೆ.

ಪ್ರಾಪ್ತಿಯ ವಿಷಯಕ್ಕೆ ಬರುತ್ತೇನೆ. ಅವಳನ್ನು ಯಾರೂ ಮುಟ್ಟಬಾರದು, ಊಟದಲ್ಲಿ ಒಂದು ಇನ್ನೊಂದಕ್ಕೆ ತಾಗಬಾರದು. ಕುಕ್ಕರಿನ ಸೀಟಿ ಕೂಗಿದರೆ ಮೇಜಿನಡಿಗೆ ಹೋಗುತ್ತಾಳೆ. ಮಾತನಾಡುವಾಗ ನಮ್ಮ ಮುಖ ನೋಡುವುದಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಾಳೆ. ಹಾಗಂತ ಕೇಳಿಸಿಕೊಂಡಿಲ್ಲ ಎಂದಲ್ಲ. ನಾವು ಹೇಳಿದ್ದನ್ನು ಹೇಳಿದಂತೆಯೇ ಇಟ್ಟುಕೊಂಡಿರುತ್ತಾಳೆ. ನಮ್ಮ ಊರಿನಲ್ಲಿ "ಉಂಡ್ರ್ಯಾ?" ಎಂದು ಕೇಳುವುದು ನಮಸ್ಕಾರದ ಬದಲಿಗೆ. ಎಲ್ಲರೂ "ಹ್ಞಾಂ, ಆಯ್ತ್" ಎಂದು ದಾಟಿಕೊಳ್ಳುತ್ತಾರೆ. ಪ್ರಾಪ್ತಿ ಮಾತ್ರ ಏನು ಉಂಡೆ, ಯಾವುದು ಸರಿ ಬೆಂದಿರಲಿಲ್ಲ ಎಂದೆಲ್ಲ ಹೇಳುತ್ತಾಳೆ. ಕೇಳಿದವರು ಆಮೇಲೆ ಅವಳನ್ನು ಕಂಡರೆ ಬರೀ ಕೈ ಎತ್ತಿ ಹೋಗುತ್ತಾರೆ. ನನಗೂ ಅವಳಿಗೂ ಮೊದಲಿನಿಂದ ಚೆನ್ನಾಗಿ ಹೊಂದುತ್ತದೆ. ನಾನು ಒಂದು ಮಾತಿನಿಂದ ಹಾರಿ ಮೂರನೆಯದಕ್ಕೆ ಹೋದರೆ ಅವಳು ಹೊರಟಲ್ಲೇ ನಿಂತು ಕಾಯುತ್ತಾಳೆ.

ಕೆಲವು ವರ್ಷಗಳ ಹಿಂದೆ ಬ್ರಹ್ಮಾವರದಲ್ಲಿ ನಮ್ಮ ಅತ್ತೆಯ, ಅಂದರೆ ಅಪ್ಪನ ತಂಗಿಯ, ಮೊಮ್ಮಗನ ಮದುವೆ. ಛತ್ರದ ತುಂಬ ವಾಲಗದ ಶಬ್ದ, ಮೇಲಿಂದ ಮೈಕು. ಪ್ರಾಪ್ತಿ ಕಿವಿ ಮುಚ್ಚಿಕೊಂಡೇ ಊಟಕ್ಕೆ ಕೂತಿದ್ದಳು. ಬಡಿಸುವವರು ಉಪಚಾರ ಮಾಡುತ್ತಾ ಬೇಡವೆಂದರೂ ಪಾಯಸ ಸುರಿದರು, ಅದು ಹರಿದು ಪಲ್ಯಕ್ಕೆ ತಾಗಿತು. ಹುಡುಗಿ ಕಿರುಚಿದಳು. ಛತ್ರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆ ದೊಡ್ಡ ಸ್ವರದಲ್ಲಿ, "ಎರಡ್ ಪೆಟ್ ಕೊಟ್ರೆ ಎಲ್ಲ ಸಮ ಆತ್ತ್" ಎಂದರು. ಸುಮತಿ ಅರ್ಧ ಊಟದ ಎಲೆ ಬಿಟ್ಟು, ಮಗಳನ್ನು ಎಬ್ಬಿಸಿಕೊಂಡು ಹೊರಗೆ ನಡೆದಳು. ಅಲ್ಲಿಂದ ಈಚೆಗೆ ಅವಳು ಯಾವ ಮನೆಯ ಯಾವ ಕಾರ್ಯಕ್ಕೂ ಹೋಗಲಿಲ್ಲ. ಕೇಳಿದರೆ ಕಾಲುನೋವು ಎನ್ನುತ್ತಿದ್ದಳು.

ಹೀಗಿರುವಾಗ ನನ್ನ ಮಗಳು ಶ್ವೇತಾ ಬಸುರಿಯಾದಳು. ಅವಳ ಬಯಕೆ, ಅಂದರೆ ಸೀಮಂತ, ನಮ್ಮ ಮನೆಯಂಗಳದಲ್ಲೇ ಎಂದು ನಿಶ್ಚಯವಾಯಿತು. ಅವಳು ಒಂದೇ ಮಾತು ಹೇಳಿದಳು: "ಚಿಕ್ಕಿ ಬರ್ದಿರೆ ನಂಗ್ ಬಯಕೆಯೇ ಬೇಡ." ತಲೆ ಬಾಚಿದ್ದು, ಸೈಕಲ್ ಕಲಿಸಿದ್ದು, ಹುಡುಗನನ್ನು ಒಪ್ಪಿಸಿದ್ದು ಎಲ್ಲ ಅವಳ ಚಿಕ್ಕಿ ಸುಮತಿಯೇ. ನಾನು ಮಗಳನ್ನು ಹೆತ್ತದ್ದನ್ನು ಮರೆಯಲಿಲ್ಲ ಎಂಬುದೇ ನನ್ನ ಸಾಧನೆ.

ನಮ್ಮ ಕಡೆ ಕಾಗದ ಕಳಿಸಿದರೆ ಕರೆದಂತಾಗುವುದಿಲ್ಲ, ಫೋನಿನಲ್ಲಿ ಚಿತ್ರ ಕಳಿಸಿದರಂತೂ ಇಲ್ಲವೇ ಇಲ್ಲ. ಮನೆಗೇ ಹೋಗಬೇಕು, ಕೂರಬೇಕು, ಬೆಲ್ಲ ನೀರು ಕುಡಿಯಬೇಕು, ಏಳುವಾಗ ಇಂಥ ದಿನ ಇಂಥ ಕಾರ್ಯ, ಎಲ್ಲರೂ ಬರಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಇದಕ್ಕೆ ಹೇಳಿಕೆ ಎನ್ನುತ್ತೇವೆ. ಹೇಳಿಕೆ ಬಾರದ ಮನೆಗೆ ಒಡಹುಟ್ಟಿದವರೂ ಕಾಲಿಡುವುದಿಲ್ಲ. ನಾನು ಸುಮತಿಗೆ ಫೋನು ಮಾಡಿ, "ಹೇಳಿಕೆ ಹೇಳುಕೆ ಬತ್ತೆ" ಎಂದು ತಿಳಿಸಿ ಶಿರೂರಿನ ಬಸ್ಸು ಹತ್ತಿದೆ.

ದಿನವೆಲ್ಲ ಮಾತಾಡಿದೆವು. ಹಲಸಿನ ಹಪ್ಪಳ ಕರಿದಳು, ತಿಂದೆ. ನಡುವೆ ಕುಕ್ಕರ್ ಕೂಗಿತು, ಪ್ರಾಪ್ತಿ ಮೇಜಿನಡಿಗೆ ಹೋದಳು, ಸುಮತಿಯ ಮುಖ ಸಣ್ಣಗಾಯಿತು. ನಾನು ನೋಡಿಯೂ ನೋಡದವಳಂತೆ ಹಪ್ಪಳವನ್ನೇ ಮುರಿದೆ. ಹೊರಡುವ ಹೊತ್ತಿಗೆ ತಂಗಿಯ ರವಿಕೆಯ ತೋಳು ಕಣ್ಣಿಗೆ ಬಿತ್ತು. ಯಾರು ಹೊಲಿದ ಪಾಪವೋ, ಒಂದು ಕಡೆ ಎಳೆದುಕೊಂಡಿತ್ತು. ನನ್ನಿಂದ ತಡೆಯಲಾಗಲಿಲ್ಲ. ಸೂಜಿದಾರ ತರಿಸಿ ಅವಳನ್ನು ನಿಲ್ಲಿಸಿಯೇ ಹೊಲಿಯತೊಡಗಿದೆ. ಅಷ್ಟರಲ್ಲಿ ಪಕ್ಕದ ಮನೆಯವರು, "ಹ್ವಾಯ್, ಬಸ್ ಬಂತ್ ಕಾಣಿ!" ಎಂದು ಕೂಗಿದರು. ದಾರ ಕಚ್ಚಿ ಕಡಿದು ಓಡಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು, ತೋಳು ಸರಿಯಾಯಿತು ಎಂಬ ತೃಪ್ತಿಯಲ್ಲಿ ತಲ್ಲೂರು ಬರುವವರೆಗೂ ನಿದ್ದೆ ಮಾಡಿದೆ.

ನಿಮಗೆ ಗೊತ್ತಾಯಿತಲ್ಲ? ನನಗೆ ಗೊತ್ತಾಗಲಿಲ್ಲ. ಶ್ವೇತಾ, "ಚಿಕ್ಕಿ ಎಂತ ಹೇಳ್ತ್?" ಎಂದು ಕೇಳಿದಾಗಲೂ, "ಚಿಕ್ಕಿಗ್ ಖುಷಿಯಾಯ್ತ್" ಎಂದೆ.

ಎರಡು ಮೂರು ದಿನ ಸುಮತಿ ಫೋನು ಎತ್ತಲಿಲ್ಲ. ಕೆಲಸವಿರಬಹುದು ಎಂದುಕೊಂಡೆ. ಆಮೇಲೆ ನನ್ನ ಫೋನಿಗೆ ಪ್ರಾಪ್ತಿಯ ವಾಯ್ಸ್ ಮೆಸೇಜು ಬಂತು. ಅವಳಿಗೆ ಫೋನಿನಲ್ಲಿ ಮಾತಾಡುವುದು ಆಗದು, ಎದುರಿನವರು ನಡುವೆ ಬಾಯಿ ಹಾಕುತ್ತಾರಲ್ಲ. ಓದಿದಂತೆ ಒಂದೇ ಸಮನೆ ಹೇಳಿದ್ದಳು:

"ದೊಡ್ಡಮ್ಮ, ನಾನ್ ಪ್ರಾಪ್ತಿ. ಒಂದ್ ಪ್ರಶ್ನೆ ಇತ್ತ್. ಹೇಳಿಕೆ ಹೇಳುಕೆ ಬತ್ತೆ ಅಂದ್ರಿ. ಬಂದ್ರಿ. ಹಪ್ಪಳ ತಿಂದ್ರಿ. ತೋಳ್ ಹೊಲ್ದ್ರಿ. ಹೇಳಿಕೆ ಹೇಳ್ಲಿಲ್ಲ. ಮರ್ತ್ ಹೋದದ್ದಾ, ನಾ ಮೇಜಿನ ಅಡಿಗ್ ಹೋದದ್ ಕಂಡ್ ಬೇಡ ಅಂದೇಳಿ ಬಿಟ್ಟದ್ದಾ? ಬೇಡ ಅಂದೇಳಿಯೇ ಬಿಟ್ಟದ್ದ್ ಅಂತ ಅಮ್ಮ ಹೇಳ್ತ್. ನಂಗ್ ಗೊತ್ತಿಲ್ಲ, ಅದ್ಕೆ ಕೇಂಡದ್. ಅಮ್ಮ ಬಚ್ಚಲ್ ಮನೆಯಗೆ ಕೂಕಂಡ್ ಅಳ್ತಾ ಇತ್ತ್."

ಮೆಸೇಜನ್ನು ಇನ್ನೊಮ್ಮೆ ಹಾಕಿ ಕೇಳಿದೆ. ನೋಡಿ, ನಾವು ದೊಡ್ಡವರು ಇಂಥ ಪ್ರಶ್ನೆಯನ್ನು ಯಾವತ್ತೂ ಕೇಳುವುದಿಲ್ಲ. ಸುಮತಿ ಕೇಳುತ್ತಿರಲಿಲ್ಲ. ಕೇಳಿದರೆ ಮಾನ ಹೋಗುತ್ತದೆ. ಬಯಕೆಯ ದಿನ ಅವಳು ಬರುತ್ತಿರಲಿಲ್ಲ, ಬರಲಿಲ್ಲವೆಂದು ನಾನು ಸಿಟ್ಟಾಗುತ್ತಿದ್ದೆ, ಶ್ವೇತಾ ಅಳುತ್ತಿದ್ದಳು, ಮುಂದಿನ ಕಾರ್ಯಕ್ಕೆ ಅವಳು ನನ್ನನ್ನು ಕರೆಯುತ್ತಿರಲಿಲ್ಲ. ಇಂಥ ಕತೆಗಳು ನಮ್ಮ ಪ್ರತಿ ಕುಟುಂಬದಲ್ಲೂ ಇವೆ, ಯಾಕೆ ಮಾತು ಬಿಟ್ಟದ್ದು ಎಂದು ಇಬ್ಬರಿಗೂ ನೆನಪಿರುವುದಿಲ್ಲ. ಯಾವ ಹುಡುಗಿಗೆ ಜನರ ಜೊತೆ ಬೆರೆಯಲು ಬರುವುದಿಲ್ಲ ಎಂದು ನೆಂಟರೆಲ್ಲ ಮರುಗುತ್ತಿದ್ದರೋ ಅವಳೇ ಕೇಳಬೇಕಾದದ್ದನ್ನು ಕೇಳಿದ್ದಳು.

ಮರುದಿನ ಮೊದಲ ಬಸ್ಸಿಗೇ ಹೊರಟೆ. ಶಿರೂರಿನ ಮನೆಯಂಗಳದಲ್ಲಿ ಸುಮತಿ ಬಟ್ಟೆ ಒಣಹಾಕುತ್ತಿದ್ದಳು. ನನ್ನನ್ನು ಕಂಡು, ಮುಖ ತಿರುಗಿಸಿಯೇ, "ಎಂತಕ್ ಬಂದದ್ದ್?" ಎಂದಳು.

"ಮುಂದಿನ್ ವಾರ ಶ್ವೇತಾನ ಬಯಕೆ, ನೀವೆಲ್ಲ ಹಿಂದಿನ್ ದಿನವೇ ಬರ್ಕ್!" ಎಂದೆ, ಗೇಟಿನ ಹೊರಗಿನಿಂದಲೇ ಕೂಗಿ.

"ಒಳ್ಗ್ ಬಂದ್ ಹೇಳುಕಾಗ್ದಾ? ಊರಿಗೆಲ್ಲ ಕೇಣತ್ತ್."

"ಒಳ್ಗ್ ಬಂದ್ರೆ ಮರ್ತ್ ಹೋತ್ತ್ ಮಾರಾಯ್ತಿ! ಮೊನ್ನೆಯೂ ಮರ್ತದ್ದೇ. ಆ ನಿನ್ ತೋಳಿನ್ ದೆಸೆಯಿಂದ ಆದದ್ದ್!"

ಸುಮತಿ ಒದ್ದೆ ಸೀರೆಯನ್ನು ಹಿಡಿದುಕೊಂಡೇ ನಿಂತಳು. ನಗುವುದೋ ಅಳುವುದೋ ಗೊತ್ತಾಗದೆ ಎರಡನ್ನೂ ಮಾಡಿದಳು. "ನಿಂಗ್ ತಲೆ ಅಂದೇಳಿ ಒಂದ್ ಇತ್ತಾ ಅಕ್ಕಾ?" ಎಂದಳು. ಇದೆ, ಡಾಕ್ಟರೇ ಹೇಳಿದ್ದಾರೆ ಎಂದೆ.

ಬಾಗಿಲ ಬಳಿ ನಿಂತಿದ್ದ ಪ್ರಾಪ್ತಿ, "ನಂಗ್ ಹೇಳ್ಲಿಲ್ಲ" ಎಂದಳು. ಮಕ್ಕಳಿಗೆ ಬೇರೆ ಹೇಳಿಕೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೂತು, ಬೆಲ್ಲ ನೀರು ಕುಡಿದು, ಅವಳಿಗೇ ಬೇರೆಯಾಗಿ ಹೇಳಿದೆ. ಅವಳು ಕ್ಯಾಲೆಂಡರ್ ನೋಡುತ್ತಾ ಪ್ರಶ್ನೆ ಕೇಳಿದಳು.

"ಮೈಕ್ ಇತ್ತಾ?"

"ಇಲ್ಲ. ಬೇಡ ಅಂದೆ ನಾನ್."

"ಕೆನ್ನಿ ಹಿಂಡುವರ್ ಇದ್ರಾ?"

ಸುಳ್ಳು ಹೇಳುವಂತಿರಲಿಲ್ಲ. "ಇದ್ರ್. ಸುಮಾರ್ ಜನ ಇದ್ರ್" ಎಂದೆ.

ಅವಳು ಕ್ಯಾಲೆಂಡರಿಗೇ ಹೇಳಿದಳು: "ಹಾಂಗಾರೆ ನಾ ಬಡಿಸ್ತೆ. ಬಡಿಸುವರ್ ಕೆನ್ನಿ ಯಾರೂ ಹಿಂಡುದಿಲ್ಲ. ನಾ ಉಪ್ಪ್ ಬಡಿಸ್ತೆ. ಉಪ್ಪ್ ಹರಿಯುದಿಲ್ಲ."

ನಾನು ಅವಳಿಗೆಂದು ಒಳಗಿನ ಕೋಣೆಯನ್ನು ಖಾಲಿ ಮಾಡಿಸಿ, ಪರದೆ ಹಾಕಿಸಿ, ಅಲ್ಲೇ ಕೂರಿಸಿ ಉಣಿಸುವ ದೊಡ್ಡ ಯೋಜನೆ ಹಾಕಿಕೊಂಡು ಬಂದಿದ್ದೆ. ಅದನ್ನು ನುಂಗಿಕೊಂಡೆ. ಅವಳಿಗೆ ಏನು ಬೇಕೆಂದು ಅವಳನ್ನೇ ಕೇಳಬಹುದು ಎಂಬುದು ನನಗೆ ಹೊಳೆದಿರಲೇ ಇಲ್ಲ.

ಬಯಕೆಯ ದಿನ ಅಂಗಳದ ಚಪ್ಪರದಲ್ಲಿ ಎಲೆ ಹಾಕಿದರು. ಪ್ರಾಪ್ತಿ ಕಿವಿಯ ಮೇಲೆ ಶಬ್ದ ತಡೆಯುವ ದೊಡ್ಡ ನೀಲಿ ಹೆಡ್‌ಫೋನ್ ಹಾಕಿಕೊಂಡು, ಉಪ್ಪಿನ ಬಟ್ಟಲು ಹಿಡಿದು ಮುಂದೆ ನಡೆದಳು. ಒಂದೊಂದು ಎಲೆಯ ಎಡತುದಿಗೆ ಒಂದು ಚಿಟಿಕೆ. ಯಾರ ಮುಖವನ್ನೂ ನೋಡುವ ಅಗತ್ಯವಿಲ್ಲ, ಎಲೆ ನೋಡಿದರೆ ಸಾಕು. ಸುಮತಿ ಶ್ವೇತಾಳ ಪಕ್ಕದಲ್ಲಿ ಕೂತು, ತನ್ನ ಎಲೆಯ ಕಡೆ ತಿರುಗದೆ ಮಗಳನ್ನೇ ನೋಡುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಂತು ಸುಮತಿಯ ಎಲೆಯನ್ನೇ ನೋಡುತ್ತಿದ್ದೆ. ಈ ಸಲವೂ ಅದು ಅರ್ಧಕ್ಕೆ ಉಳಿದರೆ ಅವಳು ಇನ್ನು ಯಾವತ್ತೂ ಎಲ್ಲಿಗೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಸಾಲಿನ ಕೊನೆಯಲ್ಲಿ ಬ್ರಹ್ಮಾವರದ ಅತ್ತೆ ಕೂತಿದ್ದರು. "ಎಂತ ಹೆಣ್ಣೆ, ಕಿವಿಗ್ ಎಂತ ಕಟ್ಕಂಡದ್ದ್? ನಾಲ್ಕ್ ಜನ ಸೇರುವಲ್ಲಿ! ತೆಗಿ ಕಾಂಬ!" ಎಂದರು. ಅವರ ಸ್ವರಕ್ಕೆ ಮೈಕು ಬೇಡ. ಚಪ್ಪರವೆಲ್ಲ ತಿರುಗಿತು. ಸುಮತಿ ಅರ್ಧ ಎದ್ದಳು.

ಪ್ರಾಪ್ತಿ ಬಟ್ಟಲನ್ನೇ ನೋಡುತ್ತಾ, "ಅಜ್ಜಿ, ನಿಮ್ ಕಿವಿಯಗೆ ಎಂತ ಇತ್ತ್?" ಎಂದಳು.

"ಇದಾ? ಮಿಷನ್. ನಂಗ್ ಸಮ ಕೇಣುದಿಲ್ಲಲೆ."

"ನಿಮ್ಗ್ ಕಮ್ಮಿ ಕೇಣತ್ತ್, ಅದ್ಕೆ ಮಿಷನ್. ನಂಗ್ ಹೆಚ್ಚ್ ಕೇಣತ್ತ್, ಅದ್ಕೆ ಇದ್. ನೀವ್ ನಿಮ್ದ್ ತೆಗ್ದ್ರೆ ನಾನೂ ತೆಗಿತೆ."

ಅತ್ತೆಗೆ ಪೂರ್ತಿ ಕೇಳಿಸಲಿಲ್ಲ. ಕಿವಿಯ ಮಿಷನ್ ತಿರುವಿಕೊಂಡು, "ಎಂತ? ಇನ್ನೊಂದ್ ಸಲ ಹೇಳ್" ಎಂದರು. ಪ್ರಾಪ್ತಿ ಒಂದಕ್ಷರ ಬದಲಿಸದೆ ಇನ್ನೊಮ್ಮೆ ಹೇಳಿದಳು. ಅತ್ತೆಯ ಕೈ ಕಿವಿಯ ಹತ್ತಿರವೇ ನಿಂತಿತು.

"ಹೌದಲೆ ಹೆಣ್ಣೆ" ಎಂದರು ಅತ್ತೆ ಕೊನೆಗೆ. "ಇರ್ಲಿ, ತೆಗಿಬೇಡ. ಉಪ್ಪ್ ಹಾಕ್." ಆಮೇಲೆ ಪಕ್ಕದವರಿಗೆ, ಅವರ ಲೆಕ್ಕದಲ್ಲಿ ಗುಟ್ಟಾಗಿ, ಇಡೀ ಅಂಗಳಕ್ಕೆ ಕೇಳುವಂತೆ, "ಹೆಣ್ಣಿಗ್ ಹೆಚ್ಚ್ ಕೇಣತ್ತಂಬ್ರ್. ನಂದ್ ಸ್ವರ ಬೇರೆ ದೊಡ್ಡದ್, ಪಾಪ" ಎಂದರು.

ಸುಮತಿ ಕೂತಳು. ಸಾರು ಉಂಡಳು, ಹುಳಿ ಉಂಡಳು, ಪಾಯಸವನ್ನು ಇನ್ನೊಮ್ಮೆ ಹಾಕಿಸಿಕೊಂಡಳು. ಕೊನೆಗೆ ಮಜ್ಜಿಗೆಯೂ ಮುಗಿದು ಅವಳು ಎಲೆ ಮಡಚಿದಾಗ ನನಗೆ ಅಳು ಬಂದುಬಿಟ್ಟಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ. ಆ ಕನ್ನಡಕ ಸಿಗಲು ಮತ್ತೆರಡು ದಿನ ಬೇಕಾಯಿತು. ಪ್ರಾಪ್ತಿ ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯಲ್ಲಿ, ಮನೆಯಿಂದ ತಂದಿದ್ದ ಖಾನೆಗಳಿರುವ ತನ್ನ ಸ್ಟೀಲಿನ ತಟ್ಟೆಯಲ್ಲಿ, ಒಂದಕ್ಕೊಂದು ತಾಗಿಸದೆ ಹೊಟ್ಟೆ ತುಂಬ ಉಂಡಳು.

ಈಗ ಶ್ವೇತಾಳಿಗೆ ಹೆಣ್ಣುಮಗುವಾಗಿದೆ. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಮತ್ತೆ ಮನೆಮನೆಗೆ ಹೇಳಿಕೆ ಹೇಳಬೇಕು, ಇವತ್ತು ಕೆರಾಡಿಯ ಕಡೆಗೆ. ಫ್ರಿಜ್ಜಿನಿಂದ ಬಂದ ಕನ್ನಡಕದ ಮಂಜು ಒರೆಸುತ್ತಾ, ನಮ್ಮವರ ತಮಾಷೆ ಕೇಳುತ್ತಾ ನಿಂತಿದ್ದಾಗ ಫೋನು ಕುಂಯ್‌ಗುಟ್ಟಿತು. ಅದೇ ಓದಿದಂಥ ಸ್ವರ:

"ದೊಡ್ಡಮ್ಮ, ನಾನ್ ಪ್ರಾಪ್ತಿ. ನಾನೂ ಅಮ್ಮನೂ ಬಸ್ಸಲ್ ಕೂಕಂಡಿತ್ತ್. ಕೆರಾಡಿಗ್ ನಾವೂ ಬತ್ತ್. ಅಮ್ಮನ್ ಕಾಲ್ ನೋವ್ ಗುಣ ಆಯ್ತಂಬ್ರ್. ಅಲ್ಲಿ ಮಾತ್ ನೀವ್ ಆಡಿ, ನಂಗ್ ಅದ್ ಆತಿಲ್ಲ. ಏಳುವಾಗ ಹೇಳಿಕೆ ನಾ ನೆನ್ಪ್ ಮಾಡ್ತೆ, ನಿಮ್ಗ್ ಅದ್ ಆತಿಲ್ಲ."